ಕೆಂಪು ಕಾಣೋವರೆಗೂ ಕಾಯಬೇಡಿ | ವಾರ್ಡ್ ಮಾತು – 6

ಫ್ರೆಂಡ್ಸ್, ಬೆಡ್‌ಸೋರ್‌ನ ಸ್ಟೇಜ್‌ಗಳನ್ನ ಎಲ್ರೂ ಬಾಯಿಪಾಠ ಮಾಡಿದ್ದೀವಿ. ಮೊದಲ ಸ್ಟೇಜ್ ಅಂದ್ರೆ? ಒತ್ತಿದ್ರೂ ಮಾಯವಾಗದ ಕೆಂಪು. ಬರೆದ್ವಿ, ಮಾರ್ಕ್ಸೂ ಬಂತು. ಆದ್ರೆ ಪುಸ್ತಕದ ಫೋಟೋಗಳಲ್ಲಿ ಇರೋದು ಹೆಚ್ಚಾಗಿ ಬಿಳಿ ಚರ್ಮ. ನಮ್ಮ ವಾರ್ಡಿನ ಅಜ್ಜನ ಕಪ್ಪು ಮೈಮೇಲೆ ಆ ಕೆಂಪು ಸುಲಭಕ್ಕೆ ಕಾಣಲ್ಲ. ನಮ್ಮ ಕಣ್ಣಿಗೆ ಬೀಳೋ ಹೊತ್ತಿಗೆ ಚರ್ಮ ಒಡೆದಿರಬಹುದು.

ಅದಕ್ಕೇ ನನ್ನ ವಾದ ಇಷ್ಟೇ: ಈ ಪಾಠ ಪಿಪಿಟಿಯಲ್ಲಿ ಮುಗಿಯಬಾರದು. ರೋಗಿಯ ಪಕ್ಕದಲ್ಲಿ ನಿಲ್ಲಿಸಿ ಕಲಿಸಬೇಕು. ಸೊಂಟದ ಹಿಂಭಾಗ, ಹಿಮ್ಮಡಿ ಮುಟ್ಟಿ ನೋಡಬೇಕು. ಸುತ್ತಲಿನ ಚರ್ಮಕ್ಕಿಂತ ಬಿಸಿ ಇದೆಯಾ, ತಣ್ಣಗಿದೆಯಾ? ಗಟ್ಟಿಯಾ, ಮೆತ್ತಗಾ? ನೋವಿದೆಯಾ?

1987ರ ಬ್ರೇಡನ್ ಸ್ಕೇಲ್ ಬೇಡ ಅಂತಿಲ್ಲ. 6ರಿಂದ 23ರವರೆಗೆ ಅಂಕ. ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಆದ್ರೆ ಅಂಕ ಬರೆದು ಫೈಲ್ ಮುಚ್ಚಿದ್ರೆ ಹುಣ್ಣು ನಿಲ್ಲಲ್ಲ. ಮಗ್ಗುಲು ಬದಲಿಸಬೇಕು. ಎಳೆಯದೆ ಎತ್ತಿ ಸರಿಸಬೇಕು. ಒದ್ದೆ ಬಟ್ಟೆ ತಕ್ಷಣ ತೆಗೀಬೇಕು. ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ದಿಂಬು ಇಡಬೇಕು. ಕೆಂಪಾದ ಜಾಗವನ್ನ ಮಾತ್ರ ಉಜ್ಜಲೇಬಾರದು.

"ಇಷ್ಟೊಂದು ಪೇಷಂಟ್ಸ್, ಟೈಮ್ ಎಲ್ಲಿದೆ?" ಅಂತೀರಾ? ನಿಜ. ಸಿಬ್ಬಂದಿ ಕೊರತೆಯನ್ನ ಟ್ರೈನಿಂಗ್ ತುಂಬಲ್ಲ, ಅದನ್ನ ಬೇರೆಯಾಗೇ ಕೇಳಬೇಕು. ಆದ್ರೆ ಮೈ ಒರೆಸುವಾಗ, ಬೆಡ್‌ಶೀಟ್ ಬದಲಿಸುವಾಗ ಹೇಗೂ ಮುಟ್ತೀವಲ್ಲ? ಆಗ ಪಕ್ಕದಲ್ಲಿ ಕೂತಿರೋ ಮಗಳಿಗೂ ತೋರಿಸಿಕೊಡಬಹುದು. ಮನೆಗೆ ಹೋದ ಮೇಲೆ ಅಜ್ಜನಿಗೆ ನರ್ಸ್ ಅವರೇ.

ನಿಮ್ಮ ಪೋಸ್ಟಿಂಗ್‌ನಲ್ಲಿ ಯಾರಾದ್ರೂ ಮುಟ್ಟಿ ನೋಡೋದು ಕಲಿಸಿದ್ರಾ? ಕಾಮೆಂಟ್‌ನಲ್ಲಿ ಹೇಳಿ.

#ವಾರ್ಡ್‌ಮಾತು #ನರ್ಸಿಂಗ್ #ಬೆಡ್‌ಸೋರ್