ಹಾಡು ಉಳಿಯಿತು, ಕಾವೇರಿ ಮರೆಯಾದಳು

ಎರಡು ಧ್ರುವಗಳ ನಡುವಣ ಸೆಳೆತವನ್ನು ಕುರಿತ ಬೇಂದ್ರೆಯವರ ಕವಿತೆಯನ್ನು ಪುಸ್ತಕದಲ್ಲಿ ಓದಿದವರಿಗಿಂತ 'ಶರಪಂಜರ' ಚಿತ್ರದ ಹಾಡಾಗಿ ಕೇಳಿದವರೇ ಅಧಿಕ. ಹೊರನಾಡಿನ ಸಂಘಗಳ ರಾಜ್ಯೋತ್ಸವದ ವೇದಿಕೆಯಲ್ಲಿ ಯುವ ದಂಪತಿಗಳು ಅದನ್ನು ಹಾಡತೊಡಗಿದರೆ ಸಭಿಕರೂ ದನಿಗೂಡಿಸುತ್ತಾರೆ. ವಿಜಯಭಾಸ್ಕರ್ ಅವರ ರಾಗಸಂಯೋಜನೆ, ಪಿ. ಬಿ. ಶ್ರೀನಿವಾಸ್ ಮತ್ತು ಪಿ. ಸುಶೀಲಾ ಅವರ ಕಂಠ. (ಇಬ್ಬರ ಮನೆಮಾತೂ ತೆಲುಗು ಎಂಬುದನ್ನು ಹೊರನಾಡ ಕನ್ನಡಿಗರು ವಿಶೇಷವಾಗಿ ನೆನೆಯಬೇಕು.) ಕನ್ನಡ ಲಿಪಿಯನ್ನೇ ಅರಿಯದ ಮಹಾನಗರದ ಮಕ್ಕಳ ಕಿವಿಗೆ ಬೇಂದ್ರೆಯವರ ನುಡಿ ಈ ಮಾರ್ಗದಿಂದಲಾದರೂ ಬಿದ್ದದ್ದು ಸಣ್ಣ ಲಾಭವಲ್ಲ.

ಆದರೆ ಆ ಹಾಡಿಗೆ ನೆಲೆಯಾದ ಕಥೆಯ ಗತಿಯೇನಾಯಿತು? ಪುಟ್ಟಣ್ಣ ಕಣಗಾಲರು 1971ರಲ್ಲಿ ತೆರೆಗೆ ತಂದದ್ದು ತ್ರಿವೇಣಿಯವರ ಕಾದಂಬರಿಯನ್ನು. ಲೇಖಕಿ 1963ರಲ್ಲಿಯೇ ತೀರಿಕೊಂಡಿದ್ದರು. ಚಿತ್ರವನ್ನು ಕಾಣುವ ಯೋಗ ಅವರಿಗಿರಲಿಲ್ಲ. ಅವರ ಕಾವೇರಿ ಹೆರಿಗೆಯ ನಂತರ ಮನೋವ್ಯಾಧಿಗೆ ತುತ್ತಾಗಿ, ಆಸ್ಪತ್ರೆಯಲ್ಲಿ ಗುಣ ಹೊಂದಿ ಮನೆಗೆ ಮರಳುತ್ತಾಳೆ. ಕಾಯಿಲೆ ಬಿಟ್ಟಿತು, ಜನ ಬಿಡಲಿಲ್ಲ. ಅವಳು ನಕ್ಕರೂ ಸಂಶಯ, ಅತ್ತರೂ ಸಂಶಯ; ಪತಿಯೂ ದೂರವಾಗುತ್ತಾನೆ. ಶರಗಳ ಪಂಜರವೆಂದರೆ ಇದೇ. ಚಿತ್ರದ ಯುಗಳಗೀತೆಯಾದರೋ ಆಕೆಯ ಸುಖದ ದಿನಗಳದ್ದು. ನಾವು ಸುಖದ ಭಾಗವನ್ನು ಮಾತ್ರ ಕಂಠಪಾಠ ಮಾಡಿಕೊಂಡೆವು.

ಹಾಡಿನ ಕೆಲಸ ರಂಜಿಸುವುದು, ವೈದ್ಯಶಾಸ್ತ್ರ ಬೋಧಿಸುವುದಲ್ಲ ಎಂಬ ಆಕ್ಷೇಪ ಬರಬಹುದು. ಒಪ್ಪತಕ್ಕದ್ದೇ. ಆದರೆ ಕಾವೇರಿಗೆ ಬಂದಂಥ ಪ್ರಸವಾನಂತರದ ತೀವ್ರ ಮನೋವಿಕಾರ ಕೇವಲ ಕಾದಂಬರಿಯ ಕಲ್ಪನೆಯಲ್ಲ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ, ಬಹುಮಟ್ಟಿಗೆ ಮೊದಲ ಎರಡು ವಾರಗಳೊಳಗೆ, ಅದು ಕಾಣಿಸಿಕೊಳ್ಳುತ್ತದೆ. ನಿದ್ರೆ ಹಾರಿಹೋಗುವುದು, ಮಾತು ತೊಡರುವುದು, ಇಲ್ಲದ ಭಯ, ಇಲ್ಲದ ದನಿ. ತಡಮಾಡದೆ ವೈದ್ಯರಲ್ಲಿಗೆ ಒಯ್ದರೆ ಹೆಚ್ಚಿನವರು ಗುಣವಾಗುತ್ತಾರೆ. ತವರು ದೂರವಿರುವ ನಗರದ ಎರಡು ಕೋಣೆಯ ಮನೆಯಲ್ಲಿ ಬಾಣಂತಿಯ ಬದಲಾವಣೆಯನ್ನು ಮೊದಲು ಗುರುತಿಸಬೇಕಾದವನು ಗಂಡನೇ. ಅವನೋ ನೆರೆಯವರಿಗೆ ತಿಳಿದೀತೆಂದು ಅಂಜಿ, ಹವೆ ಬದಲಾವಣೆಗಾಗಿ ಊರಿಗೆ ಹೋಗಿದ್ದಾಳೆಂದು ಹೇಳಿ ಕದವಿಕ್ಕುತ್ತಾನೆ. ಮುಂದೆ ಅವಳು ಗುಣಮುಖಳಾಗಿ ಸಂಘದ ಸಮಾರಂಭಕ್ಕೆ ಬಂದರೆ, ಪಕ್ಕದ ಕುರ್ಚಿ ಮೆಲ್ಲನೆ ಸರಿಯುತ್ತದೆ. ವೇದಿಕೆಯ ಮೇಲೆ ಅದೇ ಚಿತ್ರದ ಹಾಡು ನಡೆದಿರುತ್ತದೆ!

ಹಾಡುಗಳನ್ನು ಪರಿಚಯಿಸುವ ನಿರೂಪಕರು ಚಿತ್ರದ ಹೆಸರು, ನಾಯಕಿ ಕಲ್ಪನಾ ಅವರ ಹೆಸರು ತಪ್ಪದೆ ಹೇಳುತ್ತಾರೆ. ಕವಿಯ ಹೆಸರು ಒಮ್ಮೊಮ್ಮೆ. ತ್ರಿವೇಣಿಯವರ ಹೆಸರು ಅಪರೂಪ. ಇನ್ನೆರಡು ವಾಕ್ಯಗಳಿಗೆ ಸಮಯವಿಲ್ಲದಷ್ಟು ಕಾರ್ಯಕ್ರಮಗಳು ಬಿಗಿಯಾಗಿರುವುದಿಲ್ಲ. ಒಂದು ವಾಕ್ಯದಲ್ಲಿ ಕಾದಂಬರಿಕಾರ್ತಿಯ ಹೆಸರು, ಇನ್ನೊಂದರಲ್ಲಿ ಆಸ್ಪತ್ರೆಯಿಂದ ಮರಳಿದ ಕಾವೇರಿಗೆ ಒದಗಿದ ಗತಿ. ಜೊತೆಗೆ ಸಂಘದ ವಾಚನಾಲಯದ ಕಪಾಟಿನಲ್ಲಿ ಆ ಪುಸ್ತಕದ ಎರಡು ಪ್ರತಿಗಳಿರಲಿ; ಕೀಲಿಕೈ ಕಾರ್ಯದರ್ಶಿಗಳ ಜೇಬಿನಲ್ಲಿ ಉಳಿಯದಿರಲಿ.