ಹೋಲಿಕೆ ಬೇರೆ, ಗುರುತು ಬೇರೆ

ನಮ್ಮ ಮಡಕಶಿರಾ ಸೀಮೆಯ ಕುರಿಗಾಹಿಗಳಿಗೆ ಮುಸ್ಸಂಜೆ ಹೊತ್ತಲ್ಲೂ ಯಾರ ಕುರಿ ಯಾವುದು ಅಂತ ನಡಿಗೆಯಲ್ಲೇ ಗೊತ್ತಾಗುತ್ತೆ. ಬದುವಿನ ಮೇಲೆ ದೂರದಲ್ಲಿ ಬರೋನನ್ನು ಕೈ ಬೀಸೋ ರೀತಿ ನೋಡಿ ನಾನೂ ಗುರುತು ಹಿಡೀತೀನಿ. ಆದರೆ ಎಷ್ಟೋ ಸಲ ಅಣ್ಣ ಅಂತ ಕೂಗಿದರೆ ತಿರುಗಿದ್ದು ತಮ್ಮ! ನಕ್ಕು ಸುಮ್ಮನಾಗುತ್ತೇವೆ. ಕ್ಯಾಮೆರಾ ನೋಡಿ ಪೊಲೀಸರು ಇದೇ ತಪ್ಪು ಮಾಡಿದರೆ ನಗುವ ಹಾಗಿಲ್ಲ.

2023ರ ಜನವರಿಯಲ್ಲಿ ಸರ ಕಿತ್ತವನು ಇವನಿರಬೇಕು ಅಂತ ಸಿಸಿಟಿವಿ ದೃಶ್ಯದ ಹೋಲಿಕೆಯ ಮೇಲೆ ಒಬ್ಬ ಕೂಲಿಕಾರನನ್ನು ತೆಲಂಗಾಣದ ಮೇದಕ್ ಪೊಲೀಸರು ಹಿಡಿದರು. ಠಾಣೆಯಲ್ಲಿ ಹೊಡೆದರೆಂದು ಆತ ಆಸ್ಪತ್ರೆಯಲ್ಲಿ ಮಲಗಿಯೇ ಹೇಳಿದ. ಫೆಬ್ರುವರಿಯಲ್ಲಿ ತೀರಿಕೊಂಡ. ಹೈಕೋರ್ಟು ಸ್ವತಃ ವಿಚಾರಣೆಗೆ ಎತ್ತಿಕೊಂಡಿತು. ಹೋದ ಜೀವ ಬಂತೇ?

ಕ್ಯಾಮೆರಾನೇ ಬೇಡ ಅನ್ನುವವನಲ್ಲ ನಾನು. 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಕೊಂದವನು ಹೆಲ್ಮೆಟ್ ಹಾಕಿದ್ದ, ಮುಖ ಕಾಣಲಿಲ್ಲ. ವಿಶೇಷ ತನಿಖಾ ತಂಡ ಮೈಕಟ್ಟು, ನಡಿಗೆ ಹೋಲಿಸಿ ನೋಡಲು ಆ ದೃಶ್ಯವನ್ನು ಗುಜರಾತಿನ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿತು. ಅದು ಬೇರೆ ಸಾಕ್ಷ್ಯಗಳ ಜೊತೆಗೊಂದು ಸಾಕ್ಷ್ಯ. ಅದೊಂದನ್ನೇ ನಂಬಿ ಕೂರಲಿಲ್ಲ.

ತಿಳಿದವರು ನೋಡುವ ಕ್ರಮವೇ ಬೇರೆ. ಕಿವಿಯ ಆಕಾರ, ಮಚ್ಚೆ, ಗಾಯದ ಕಲೆ, ಹಚ್ಚೆ ಒಂದೊಂದನ್ನೇ ತಾಳೆ ನೋಡುತ್ತಾರೆ. ಮೇಲೆ ಕಟ್ಟಿದ ಕ್ಯಾಮೆರಾದಲ್ಲಿ ಉದ್ದನೆಯವನೂ ಗಿಡ್ಡ ಕಾಣಬಹುದು. ರಾತ್ರಿ ಕಪ್ಪು ಅಂಗಿ ಬೆಳ್ಳಗೆ ಕಾಣಬಹುದು. ಹತ್ತು ಹೋಲಿಕೆ ಸಿಕ್ಕರೂ ಇವನೇ ಅಂತ ಹೇಳೋಕಾಗಲ್ಲ. ಸಮಜಾಯಿಷಿ ಸಿಗದ ಒಂದೇ ವ್ಯತ್ಯಾಸ ಇದ್ದರೂ ಇವನಲ್ಲ ಅನ್ನಬಹುದು. ನಮ್ಮ ಠಾಣೆಗಳು ಮೊದಲು ಕಲಿಯಬೇಕಾದ ಪಾಠ ಇದು.

ನಾನು ಎರಡು ಭಾಷೆಯಲ್ಲಿ ಪದ್ಯ ಕಟ್ಟುವವನು. ತೆಲುಗಿನ ‘ಪೋಲಿಕ’ ಕನ್ನಡದಲ್ಲಿ ‘ಹೋಲಿಕೆ’. ಗುರುತು ಎರಡರಲ್ಲೂ ಗುರುತೇ. ಎರಡು ಭಾಷೆಯವರೂ ಹೋಲಿಕೆಗೊಂದು ಮಾತು, ಗುರುತಿಗೊಂದು ಮಾತು ಇಟ್ಟುಕೊಂಡಿದ್ದಾರಲ್ಲ, ಸುಮ್ಮನೆಯೇ?

ನಮ್ಮ ಜನ ಇವತ್ತು ಹಿಂದೂಪುರದಲ್ಲಿ ಕೂಲಿ, ನಾಳೆ ಪಾವಗಡದಲ್ಲಿ, ನಾಡಿದ್ದು ಬೆಂಗಳೂರಲ್ಲಿ. ಹೋದ ಕಡೆಯೆಲ್ಲ ಹೊರಗಿನವರೇ. ಮಸುಕು ಚಿತ್ರ ಮುಂದಿಟ್ಟು ಒಂದು ಕಡೆ ‘ನುವ್ವೇ ಕದಾ’ ಅಂದರೆ, ಇನ್ನೊಂದು ಕಡೆ ‘ನೀನೇ ಅಲ್ವೇನೋ’ ಅಂದರೆ, ಅಲ್ಲ ಅಂತ ಸಾಕ್ಷಿ ಹೇಳೋಕೆ ಊರಿನವರು ಪಕ್ಕದಲ್ಲಿರಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟೆ. ಹೋಲಿಕೆ ಸಿಕ್ಕರೆ ವಿಚಾರಿಸಿ, ಅವತ್ತು ಎಲ್ಲಿದ್ದ ಅಂತ ಕೇಳಿ, ತಜ್ಞರಿಗೆ ತೋರಿಸಿ. ಕೈ ಮಾತ್ರ ಎತ್ತಬೇಡಿ. ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕೆಂದು ಸುಪ್ರೀಂ ಕೋರ್ಟು 2020ರ ಡಿಸೆಂಬರಿನಲ್ಲೇ ಆದೇಶಿಸಿದೆ. ಬೀದಿಯ ಕ್ಯಾಮೆರಾದಲ್ಲಿ ಬಡವನನ್ನು ಹುಡುಕುವವರು, ಠಾಣೆಯ ಕ್ಯಾಮೆರಾ ಕೆಟ್ಟಿದೆ ಅನ್ನಬಾರದು.