ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮಳೆಗಾಲ ಮುಗಿಯುತ್ತ ಬಂದಂತೆ ನವಲಗುಂದ, ಅಣ್ಣಿಗೇರಿ ಕಡೆಯ ಗ್ಯಾರೇಜುಗಳಲ್ಲಿ ಒಂದು ದೂರು ಮೇಲಿಂದ ಮೇಲೆ ಕೇಳಿಬರುತ್ತದೆ: ಗಾಡಿ ಓಡುತ್ತದೆ, ಮೀಟರಿನ ಮುಳ್ಳು ಮಾತ್ರ ಏಳುವುದಿಲ್ಲ. ಸಿಗುವ ಉತ್ತರವೂ ಬಹುಮಟ್ಟಿಗೆ ಒಂದೇ. “ಸೆನ್ಸರ್ ಹೋಗೇತ್ರಿ, ಹೊಸಾದು ಹಾಕೂಣು.” ಹೊಸದು ಹಾಕಿದ ಮೇಲೂ ಮುಳ್ಳು ಏಳದಿದ್ದರೆ ನಷ್ಟ ಟೆಂಪೊ ಸಾಲದ ಕಂತು ಕಟ್ಟುತ್ತಿರುವ ಮಾಲೀಕನದು. ಈ ಅವಸರದ ಚಿಕಿತ್ಸೆ ನಿಲ್ಲಬೇಕೆಂಬುದು ನನ್ನ ಅಭಿಪ್ರಾಯ.

ಹಿಂದಿನ ವಾಹನಗಳಲ್ಲಿ ಮೀಟರಿಗೆ ತಿರುಗುವ ಕೇಬಲ್ ಇರುತ್ತಿತ್ತು. ತುಂಡಾದರೆ ಬಿಚ್ಚಿದೊಡನೆ ಕಣ್ಣಿಗೆ ಬೀಳುತ್ತಿತ್ತು. ಈಗ ಸೆನ್ಸರಿನ ಮುಂದೆ ಹಲ್ಲಿನ ಚಕ್ರ ತಿರುಗುತ್ತದೆ, ಹಲ್ಲುಗಳು ಹಾದಂತೆಲ್ಲ ವಿದ್ಯುತ್ ಮಿಡಿತಗಳು ಹುಟ್ಟುತ್ತವೆ, ಗಣಕ ಅವುಗಳನ್ನು ಎಣಿಸಿ ವೇಗ ತಿಳಿಯುತ್ತದೆ. ಇಂಥ ಅನೇಕ ಸೆನ್ಸರುಗಳ ಮೂಲ 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮ. ಸ್ಕ್ಯಾನರ್ ‘ಪಿ0500’ ಎಂದು ತೋರಿಸಿದರೆ ವೇಗದ ಸಂಕೇತ ಸರಿಯಾಗಿ ತಲುಪುತ್ತಿಲ್ಲವೆಂದಷ್ಟೇ ಅರ್ಥ. ಥರ್ಮಾಮೀಟರ್ ಜ್ವರವನ್ನು ಹೇಳೀತು. ಜ್ವರದ ಕಾರಣವನ್ನು ವೈದ್ಯನೇ ಹುಡುಕಬೇಕು.

ನಮ್ಮ ಸೀಮೆಯಲ್ಲಿ ಕಾರಣಗಳಿಗೇನು ಬರವಿಲ್ಲ. ಗಾಲಿಗೆ ಮೆತ್ತಿದ ಎರೆಮಣ್ಣು ಒಣಗಿ ವೈರನ್ನು ಜಗ್ಗುತ್ತದೆ. ಕನೆಕ್ಟರಿನೊಳಗೆ ನೀರು ಸೇರಿ ಹಸಿರು ಕಿಲುಬು ಕಟ್ಟುತ್ತದೆ. ನಿಂತ ಗಾಡಿಯ ವೈರನ್ನು ಇಲಿ ಕಡಿಯುತ್ತದೆ. ಸೆನ್ಸರಿನ ತುದಿಗೆ ಕಬ್ಬಿಣದ ಪುಡಿ ಅಂಟಿದರೂ ಮಿಡಿತ ತಪ್ಪುತ್ತದೆ.

ಆದ್ದರಿಂದ ಮೊದಲು ಕಣ್ಣು, ಆಮೇಲೆ ಮಲ್ಟಿಮೀಟರ್. ಮೂರು ವೈರಿನ ಸೆನ್ಸರಾದರೆ ಕೀಲಿ ತಿರುಗಿಸಿ, ಕನೆಕ್ಟರಿನಲ್ಲಿ ವಾಹನಕ್ಕೆ ತಕ್ಕಂತೆ 5 ಅಥವಾ 12 ವೋಲ್ಟ್ ಬರುತ್ತಿದೆಯೇ, ಅರ್ಥಿಂಗ್ ಗಟ್ಟಿಯಿದೆಯೇ ನೋಡಬೇಕು. ಬಳಿಕ ಬ್ಯಾಟರಿ ಬಿಚ್ಚಿ, ಎರಡೂ ತುದಿಯ ಕನೆಕ್ಟರು ಕಳಚಿ, ವೈರನ್ನು ಅಲ್ಲಾಡಿಸುತ್ತ ಅದು ಅಖಂಡವಾಗಿದೆಯೇ ಪರೀಕ್ಷಿಸಬೇಕು. ಇಷ್ಟೂ ಸರಿಯಿದ್ದು, ಎಲ್ಲವನ್ನೂ ಮರುಜೋಡಿಸಿ, ಭದ್ರವಾಗಿ ಎತ್ತಿ ನಿಲ್ಲಿಸಿದ ಗಾಡಿಯ ಚಕ್ರ ತಿರುಗಿಸಿದಾಗಲೂ ಮಿಡಿತ ಹುಟ್ಟದಿದ್ದರೆ, ಆಗ ಸೆನ್ಸರನ್ನೋ ಹಲ್ಲಿನ ಚಕ್ರವನ್ನೋ ಶಂಕಿಸಬಹುದು. ವೈರಿನ ಹೊದಿಕೆಗೆ ಸೂಜಿ ಚುಚ್ಚಿ ನೋಡುವ ರೂಢಿ ಬೇಡ. ಆ ರಂಧ್ರವೇ ನಾಳೆ ನೀರಿಗೆ ದಾರಿ.

ಹಣದ ಮಾತಿಗಿಂತ ದೊಡ್ಡದು ಜೀವದ ಮಾತು. ಕೇಂದ್ರ ಮೋಟಾರು ವಾಹನ ನಿಯಮಗಳ 118ನೇ ನಿಯಮಕ್ಕೆ 2015ರಲ್ಲಿ ಆದ ತಿದ್ದುಪಡಿ ಶಾಲಾ ಬಸ್ಸಿನ ವೇಗಕ್ಕೆ ಗಂಟೆಗೆ 60 ಕಿ.ಮೀ. ಮಿತಿ ಹಾಕಿತು. ಸೆನ್ಸರಿನ ಸಂಕೇತವನ್ನೇ ನೆಚ್ಚಿದ ವೇಗ ನಿಯಂತ್ರಕಕ್ಕೆ ಆ ಸಂಕೇತ ಸತ್ತರೆ ಕಣ್ಣು ಹೋದಂತೆ. “ಮೀಟರ್ ಇಲ್ಲದಿದ್ದರೇನು, ಗಾಡಿ ಓಡುತ್ತದಲ್ಲ” ಎನ್ನುವವರು ಆ ಬಸ್ಸಿನಲ್ಲಿ ಕುಳಿತ ಮಕ್ಕಳನ್ನು ನೆನೆಯಲಿ.

ಮೇಲೆ ಹೇಳಿದ ಪರೀಕ್ಷೆಗಳ ಬುಡವೆಲ್ಲ ಹತ್ತನೆಯ ತರಗತಿಯ ವಿದ್ಯುತ್ ಪಾಠದಲ್ಲಿದೆ: ವಿಭವಾಂತರ, ರೋಧ, ಪೂರ್ಣಗೊಂಡ ಮಂಡಲ. ಅಂಕಕ್ಕಾಗಿ ಬಾಯಿಪಾಠ ಮಾಡಿಸುವ ಬದಲು ಹರಿದ ವೈರೊಂದನ್ನು ಮಕ್ಕಳ ಕೈಗಿತ್ತು “ದೋಷ ಎಲ್ಲಿದೆ, ಹುಡುಕು” ಎಂದರೆ, ಅವರಲ್ಲಿ ಕೆಲವರು ನಾಳೆ ಒಳ್ಳೆಯ ಮೆಕ್ಯಾನಿಕ್ ಆದಾರು. ಗಾಡಿಯ ಮಾಲೀಕರೂ ದುಡ್ಡು ಎಣಿಸುವ ಮುನ್ನ ಒಂದು ಪ್ರಶ್ನೆ ಕೇಳಲಿ: “ವೈರ್ ನೋಡೀರೇನ್ರಿ?”